ಅಪ್ಪಯ್ಯನ ವರ್ಷಾಂತಿಕ: ಅನ್ನನಾಳದ ಕ್ಯಾನ್ಸರ್ ಬಗ್ಗೆ ಹೇಗೆ ಮಾತನಾಡಲಿ?

ಡೊಂಬಿವಿಲಿಯ ಮಗಳು:

ಬರುವ ಏಪ್ರಿಲ್‌ಗೆ ಅಪ್ಪಯ್ಯ ಹೋಗಿ ವರ್ಷವಾಗುತ್ತದೆ. ಮಾಟುಂಗದ ಹೋಟೆಲೊಂದರಲ್ಲಿ ಮೂವತ್ತೊಂದು ವರ್ಷ ದೋಸೆ ಕಾವಲಿಯ ಮುಂದೆ ನಿಂತವರು. ಅನ್ನನಾಳದ ಕ್ಯಾನ್ಸರ್.

ಮೊದಲು ಚಪಾತಿ ಬಿಟ್ಟರು. ಆಮೇಲೆ ಅನ್ನಕ್ಕೆ ಸಾರು ಹೆಚ್ಚು ಬೇಕಾಯಿತು. ಕೊನೆಗೆ ಗಂಜಿ ಮಾತ್ರ. ಅಮ್ಮನಿಗೆ ಖುಷಿಯೇ ಆಗಿತ್ತು, ಇಷ್ಟು ವರ್ಷದ ಮೇಲಾದರೂ ಕುಂದಾಪುರದ ಗಂಜಿ ನೆನಪಾಯಿತಲ್ಲ ಎಂದು ದಿನಾ ಚಟ್ನಿ ಅರೆಯುತ್ತಿದ್ದರು. ಅಪ್ಪಯ್ಯ ಮೊಳೆ ಕಾಯಿಸಿ ಬೆಲ್ಟಿಗೆ ಹೊಸ ತೂತು ಮಾಡಿಕೊಂಡಾಗಲೂ ನಾವು ನಕ್ಕೆವು. ಗಲ್ಲಿಯ ಡಾಕ್ಟರು ನಾಲ್ಕು ತಿಂಗಳು ಆಸಿಡಿಟಿ ಮಾತ್ರೆ ಕೊಟ್ಟರು. ಅವರನ್ನೇ ದೂರಲಾರೆ. ಎದೆಯುರಿ ಎಂದೆವು, ನುಂಗಲು ಆಗುತ್ತಿಲ್ಲ ಎಂದು ಹೇಳಲೇ ಇಲ್ಲ.

ಏಪ್ರಿಲ್ ಈ ಕಾಯಿಲೆಯ ಜಾಗೃತಿ ತಿಂಗಳೂ ಹೌದು. ಫೋಟೋ, ರಿಬ್ಬನ್ ಹಾಕಿ ಬ್ಯಾನರ್ ಮಾಡಿಸೋಣ ಎನ್ನುತ್ತಾನೆ ತಮ್ಮ. ನನಗೆ ಮನಸ್ಸಿಲ್ಲ. ಅಪ್ಪಯ್ಯನ ಹೋಟೆಲಿನವರನ್ನು ಭಾನುವಾರ ಊಟಕ್ಕೆ ಕರೆದು ನಾಲ್ಕು ಮಾತಾಡಬೇಕೆಂದಿದ್ದೇನೆ. ಆದರೆ ಎಲೆಯಡಿಕೆ ಇಲ್ಲದ ಊಟವೇ ಎನ್ನುತ್ತಾರೆ ಅಮ್ಮ. ಹೊಗೆಸೊಪ್ಪು ಸೇರಿಸಿದ ಎಲೆಯಡಿಕೆ ಅಪ್ಪಯ್ಯನ ಸೊಂಟದಲ್ಲೇ ಇರುತ್ತಿತ್ತು. ತೀರಿಕೊಂಡವರ ಮೇಲೆ ತಪ್ಪು ಹೊರಿಸಿದಂತೆ ಕೇಳಿಸದ ಹಾಗೆ ಹೇಗೆ ಹೇಳಲಿ?

ಪರೇಲ್ ಅಕ್ಕ (ನಿವೃತ್ತ ನರ್ಸ್):

ತಂಗಿ, ಚಪಾತಿಯಿಂದ ಗಂಜಿಗೆ ಇಳಿದ ಈ ಕಥೆಯನ್ನು ವಾರ್ಡಿನಲ್ಲಿ ಎಷ್ಟು ಮನೆಯವರ ಬಾಯಲ್ಲಿ ಕೇಳಿದ್ದೇನೋ. ಅನ್ನನಾಳ ಹಿಗ್ಗುವ ಕೊಳವೆ. ಗಟ್ಟಿ ತುತ್ತು ಸಿಕ್ಕಿಕೊಳ್ಳುವ ಹೊತ್ತಿಗೆ ಒಳಗೆ ದಾರಿ ಬಹಳಷ್ಟು ಕಿರಿದಾಗಿರುತ್ತದೆ. ಹಾಗಾಗಿ ನುಂಗಲು ತೊಂದರೆ ಎಂದ ಕೂಡಲೇ ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ತೆಳು ಕೊಳವೆ ಇಳಿಸಿ ಒಳಗೆ ನೋಡುವ ಪರೀಕ್ಷೆ, ಮಾಡಿಸಬೇಕು, ಅನುಮಾನ ಬಂದರೆ ಅಲ್ಲಿಂದಲೇ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಹೊಗೆಸೊಪ್ಪು, ಬೀಡಿ, ಮದ್ಯ ಅಪಾಯ ಹೆಚ್ಚಿಸುತ್ತವೆ, ನಿಜ. ಯಾವ ಚಟವೂ ಇಲ್ಲದವರಿಗೂ ಬರುತ್ತದೆ, ವರ್ಷಗಟ್ಟಲೆ ಹುಳಿತೇಗು ಇದ್ದವರಿಗೂ ಬರಬಹುದು. ಇದನ್ನೂ ಸೇರಿಸಿ ಹೇಳಿ, ಆಗ ಅಪ್ಪಯ್ಯ ಅಪರಾಧಿಯಾಗುವುದಿಲ್ಲ. ಪಟ್ಟಿ ಓದಬೇಡಿ. ಬೆಲ್ಟಿನ ಕಥೆ ಹೇಳಿ.

ಫೋರ್ಟ್ ಗಲ್ಲಾಪೆಟ್ಟಿಗೆ:

ಭಾನುವಾರ ಮಧ್ಯಾಹ್ನ ಹೋಟೆಲಿನವರು ಬರುವುದುಂಟೇ! ನಮಗೆ ಅಂದೇ ಗಿರಾಕಿಗಳ ಜಾತ್ರೆ. ಕೆಲಸದ ದಿನ ಮೂರರಿಂದ ನಾಲ್ಕೂವರೆಯವರೆಗೆ ಹುಡುಗರು ಕಾಲು ಚಾಚಿರುತ್ತಾರೆ. ಅವರಿರುವಲ್ಲಿಗೇ ಹೋಗಿ. ಚಹಾದ ವಿಷಯವನ್ನೂ ಎತ್ತಿ. ಒಲೆಯಿಂದ ಇಳಿದದ್ದನ್ನು ಹಾಗೇ ಗಂಟಲಿಗೆ ಸುರಿದುಕೊಳ್ಳುವುದು ನಮ್ಮ ಅಡುಗೆಮನೆಗಳಲ್ಲಿ ಒಂದು ಪೌರುಷ. 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಬಹುಶಃ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲೇ ಹೇಳಿದೆ.

ಪುತ್ತೂರಿನವ, ಈಗ ಪುಣೆ:

ಹೊಗೆಸೊಪ್ಪನ್ನು ಬೈಯಿರಿ, ಅಡಿಕೆಯನ್ನೇಕೆ ಎಳೆಯುತ್ತೀರಿ? ತೋಟದ ದುಡ್ಡಿನಲ್ಲೇ ನಾನು ಓದಿದ್ದು.

ಪರೇಲ್ ಅಕ್ಕ:

ನನ್ನ ತವರಿನಲ್ಲೂ ತೋಟವಿದೆ, ತಮ್ಮಾ. ಆದರೂ ಹೊಗೆಸೊಪ್ಪು ಬೆರೆಸದ ಅಡಿಕೆಯನ್ನೂ ಅದೇ ವಿಭಾಗ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ. ದೇವರ ಮುಂದೆ ಇಡೋಣ, ಬಾಯಿಗೆ ಬೇಡ.

ಡೊಂಬಿವಿಲಿಯ ಮಗಳು:

ಅಕ್ಕನ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಫೋಟೋದ ಮುಂದೆ ಒಂದು ತಟ್ಟೆ ಎಲೆಯಡಿಕೆ ಸಾಕು ಎಂದರು. ತಿಥಿಯ ಊಟ ಮನೆಮಟ್ಟಿಗೆ. ಅದರ ಮರುವಾರ, ಸೋಮವಾರ ಮೂರೂವರೆಗೆ, ಅಪ್ಪಯ್ಯನ ಹೋಟೆಲಿನ ಹುಡುಗರ ಕೋಣೆಗೆ ಹೋಗುತ್ತೇನೆ. ಮಾಲೀಕರು ಒಪ್ಪಿದ್ದಾರೆ. ಬೆಲ್ಟ್ ಚೀಲದಲ್ಲಿರುತ್ತದೆ. ಅಮ್ಮ ಬನ್ಸ್ ಮಾಡಿ ಕಳಿಸುತ್ತಾರಂತೆ. ಪರೇಲ್ ಅಕ್ಕ, ನೀವೂ ಬರುತ್ತೀರಾ? ಎಂಡೋಸ್ಕೋಪಿ ಎಂದರೆ ಹೆದರುವವರಿಗೆ ನಿಮ್ಮಂತೆ ಬಿಡಿಸಿ ಹೇಳಲು ನನಗೆ ಬಾರದು.