ಬೈಪಾಸ್‌ಗೆ ನಾಲ್ಕು ಬಾಟಲಿ ರಕ್ತ ಕೇಳಿದ್ದಾರೆ. ಔಷಧಿಯಿಂದ ಕಡಿಮೆ ಮಾಡಬಹುದಾ?

ಪ್ರಶ್ನೆ (ಗುಬ್ಬಿ ತಾಲ್ಲೂಕಿನಿಂದ): ನಮಸ್ಕಾರ ಡಾಕ್ಟ್ರೇ. ನಮ್ಮಪ್ಪನಿಗೆ 64 ವರ್ಷ. ಮೂರು ಕಡೆ ಬ್ಲಾಕ್ ಇದೆ, ಮುಂದಿನ ತಿಂಗಳು ಬೆಂಗಳೂರಲ್ಲಿ ಬೈಪಾಸ್. ರಕ್ತ ಕೊಡೋರು ನಾಲ್ಕು ಜನ ಬೇಕು ಅಂದಿದ್ದಾರೆ. ಹಿಮೋಗ್ಲೋಬಿನ್ 10.2. ಬೇರೆಯವರ ರಕ್ತ ಅಂದ್ರೆ ಅಪ್ಪನಿಗೆ ಭಯ. ರಕ್ತ ಸೋರದ ಹಾಗೆ ಇಂಜೆಕ್ಷನ್ ಇದೆಯಂತೆ, ನಿಜವಾ? ನಾವೇ ಕೇಳಿ ಹಾಕಿಸ್ಬೇಕಾ?

ಉತ್ತರ (ಹೃದಯ ಶಸ್ತ್ರಚಿಕಿತ್ಸೆಯ ಅರಿವಳಿಕೆ ವೈದ್ಯೆ, ತುಮಕೂರು): ನಿಜ. ಅದರ ಹೆಸರು ಟ್ರಾನೆಕ್ಸಾಮಿಕ್ ಆಸಿಡ್. ಮುಟ್ಟಿನಲ್ಲಿ ವಿಪರೀತ ರಕ್ತ ಹೋದರೆ ಹೆಣ್ಣುಮಕ್ಕಳಿಗೆ ಕೊಡೋ ಮಾತ್ರೆಯಲ್ಲಿರೋದೂ ಇದೇ. 1962ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದವರು ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ. ಹೆರಿಗೆಯಾದ ಮೇಲೆ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸಬೇಕು ಅನ್ನೋದು ಉತಾಕೊ ಅವರ ಹಂಬಲವಾಗಿತ್ತು.

ಆಪರೇಷನ್ ವೇಳೆ ಹೃದಯ, ಶ್ವಾಸಕೋಶದ ಕೆಲಸ ಮಾಡೋ ಹಾರ್ಟ್-ಲಂಗ್ ಯಂತ್ರದ ಪೈಪುಗಳಲ್ಲಿ ಓಡಿದ ರಕ್ತ ಹೆಪ್ಪುಗಟ್ಟಿದ್ದನ್ನು ತಾನೇ ಬೇಗ ಕರಗಿಸಿಬಿಡುತ್ತೆ. ಈ ಔಷಧಿ ಹೊಸದಾಗಿ ಹೆಪ್ಪು ಹಾಕಲ್ಲ, ಕಟ್ಟಿದ ಹೆಪ್ಪು ಒಡೆಯದ ಹಾಗೆ ಕಾಯುತ್ತೆ ಅಷ್ಟೇ. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಬೈಪಾಸ್‌ನಂಥ ಆಪರೇಷನ್ ಆದ 4,600ಕ್ಕೂ ಹೆಚ್ಚು ಜನ ಇದ್ದರು. ಔಷಧಿ ಪಡೆಯದ ಗುಂಪಿಗೆ ಸುಮಾರು 8,000 ಯೂನಿಟ್ ರಕ್ತ ಮತ್ತು ರಕ್ತದ ಅಂಶಗಳು ಬೇಕಾದವು, ಪಡೆದವರಿಗೆ ಸುಮಾರು 4,300. ಆದರೆ ಫಿಟ್ಸ್ ಬಂದವರು ಶೇ. 0.1 ಇದ್ದದ್ದು ಶೇ. 0.7 ಆಯಿತು. ಅದಕ್ಕೇ ಡೋಸ್ ಅಳೆದು ಕೊಡ್ತೀವಿ. ನೀವು ಒತ್ತಾಯ ಮಾಡಬೇಕಿಲ್ಲ, ಇದು ಸಾಮಾನ್ಯವಾಗಿ ಬಳಸೋದೇ. ಅಪ್ಪನಿಗೆ ಹಿಂದೆ ಫಿಟ್ಸ್, ಕಿಡ್ನಿ ತೊಂದರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಏನಾದರೂ ಇದ್ದರೆ ಮುಂಚೆಯೇ ಹೇಳಿ.

ನನಗೆ ಇಂಜೆಕ್ಷನ್‌ಗಿಂತ ಅಪ್ಪನ ಹಿಮೋಗ್ಲೋಬಿನ್ 10.2ಕ್ಕೆ ಇಳಿದಿರೋದರ ಚಿಂತೆ. ಯಂತ್ರ ಇಟ್ಟು ಮಾಡಿದರೆ ಅದರ ಪೈಪುಗಳಲ್ಲಿ ಒಂದು ಲೀಟರಿಗೂ ಮೇಲೆ ದ್ರಾವಣ ಇರುತ್ತೆ, ಅದು ಬೆರೆತು ರಕ್ತ ಇನ್ನೂ ನೀರಾಗುತ್ತೆ. ಮೊದಲೇ ಕಡಿಮೆ ಇದ್ದವರಿಗೆ ರಕ್ತ ಹಾಕದೆ ಗತಿಯಿರಲ್ಲ. ಒಂದು ತಿಂಗಳು ಕೈಯಲ್ಲಿದೆ, ದಯವಿಟ್ಟು ಕಳೆಯಬೇಡಿ. ಮೈಯಲ್ಲಿ ಕಬ್ಬಿಣಾಂಶ ಎಷ್ಟು ಕೂಡಿಟ್ಟಿದೆ ಅಂತ ತೋರಿಸೋ ಫೆರಿಟಿನ್ ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣಾಂಶ ಕಡಿಮೆ ಬಂದರೆ ಮಾತ್ರೆ ನಿಧಾನ, ಡ್ರಿಪ್‌ನಲ್ಲಿ ಹಾಕಬಹುದಾ ಅಂತ ಸರ್ಜನ್ ಹತ್ತಿರ ಕೇಳಿ. ರಕ್ತ ಎಲ್ಲಿ ಹೋಗ್ತಿದೆ ಅನ್ನೋದನ್ನೂ ಹುಡುಕಿಸಿ.

ರಕ್ತ ಕೊಡೋರನ್ನು ಮಾತ್ರ ಕರೆದುಕೊಂಡೇ ಹೋಗಿ. ಸಾಮಾನ್ಯವಾಗಿ ಅದು ಬ್ಲಡ್ ಬ್ಯಾಂಕಿನಿಂದ ತೆಗೆದ ರಕ್ತವನ್ನು ತುಂಬಿಕೊಡೋಕೆ.

ಪ್ರಶ್ನೆ (ಶಿರಾದಿಂದ): ಮೇಡಂ, ನಮ್ಮಮ್ಮನಿಗೂ ಬೈಪಾಸ್ ಇದೆ. ರಕ್ತ ತೆಳು ಮಾಡೋ ಕ್ಲೋಪಿಡೋಗ್ರೆಲ್ ಈಗಲೇ ನಿಲ್ಲಿಸಿ ಅಂತ ನಮ್ಮ ಮಾವ ಹೇಳ್ತಿದ್ದಾರೆ.

ಉತ್ತರ: ಬೇಡಮ್ಮ, ನೀವಾಗಿ ನಿಲ್ಲಿಸಬೇಡಿ. ಸಾಮಾನ್ಯವಾಗಿ ಅದನ್ನು ಆಪರೇಷನ್‌ಗೆ 5 ದಿನ ಮುಂಚೆ ಬಿಡಿಸ್ತಾರೆ, ಆಸ್ಪಿರಿನ್ ಬಹಳ ಸಲ ಮುಂದುವರಿಸ್ತಾರೆ. ಇತ್ತೀಚೆಗೆ ಸ್ಟೆಂಟ್ ಹಾಕಿದ್ದರಂತೂ ಒಂದು ದಿನ ತಪ್ಪಿದರೂ ಅಪಾಯ. ತಾರೀಖು ಸರ್ಜನ್ ಬರೆದುಕೊಡಲಿ.

ಗುಬ್ಬಿಯವರು: ಡಾಕ್ಟ್ರೇ, ಈಗ ಕೇಳಿದ್ದಕ್ಕೆ ಅಪ್ಪ ಬಾಯಿಬಿಟ್ಟರು. ಎರಡು ವರ್ಷದಿಂದ ಮೂಲವ್ಯಾಧಿ, ರಕ್ತ ಹೋಗ್ತಿತ್ತಂತೆ. ನಾಚಿಕೆಯಿಂದ ಹೇಳಿರಲಿಲ್ಲ.

ಉತ್ತರ: ಒಳ್ಳೆಯದಾಯ್ತು ಕೇಳಿದ್ದು. ನಾಳೆಯೇ ಸರ್ಜನ್‌ಗೆ ತಿಳಿಸಿ. ಮೂಲವ್ಯಾಧಿ ಅಂತ ಅವರೇ ಅಂದುಕೊಂಡಿರಬಹುದು, ಕರುಳನ್ನೂ ನೋಡಿಸಬೇಕು. ಆಪರೇಷನ್ ವೇಳೆ ಹೆಪಾರಿನ್ ಕೊಟ್ಟು ರಕ್ತ ತೆಳು ಮಾಡ್ತೀವಿ, ಆಗ ಅಲ್ಲಿಂದಲೂ ಸೋರಬಹುದು.