ಸೌದೆ ರಾಶಿಯಲ್ಲಿ ಚುಕ್ಕೆ ಚುಕ್ಕೆ ಮರಿ, ಚಿರತೆಯದಾ?

ತೋಟದಮನೆ, ಮೂಡಿಗೆರೆ
ಮರಗಸಿ ಮಾಡಿದ, ಅಂದರೆ ನೆರಳು ಮರದ ಕೊಂಬೆ ಕಡಿದ ಸೌದೆಯನ್ನು ಕಾಫಿ ತೋಟದ ಮೂಲೆಯಲ್ಲಿ ಒಟ್ಟಿದ್ದೆವು. ಇವತ್ತು ಬೆಳಿಗ್ಗೆ ಟ್ರ್ಯಾಕ್ಟರಿಗೆ ತುಂಬೋಣ ಅಂತ ತೆಗೆದರೆ ಒಳಗೆ ಎರಡು ಮರಿ. ಮೈಯೆಲ್ಲ ಕಪ್ಪು ಚುಕ್ಕೆ, ಕಣ್ಣು ಈಗಷ್ಟೇ ಬಿಟ್ಟ ಹಾಗಿದೆ, ಹತ್ತಿರ ಹೋದರೆ ಇಷ್ಟಗಲ ಬಾಯಿ ತೆಗೆದು ಬುಸ್ ಅನ್ನುತ್ತವೆ. ಆಳುಗಳು ಚಿರತೆ ಮರಿ ಅಂತ ಕೆಲಸ ಬಿಟ್ಟು ಲೈನಿನಲ್ಲಿ, ಅವರ ಸಾಲುಮನೆಗಳಲ್ಲಿ, ಕೂತಿದ್ದಾರೆ. ತೋಟದ ಲೆಕ್ಕ ನೋಡೋ ರೈಟರ್ ಮಾತ್ರ ಕಾಡುಬೆಕ್ಕು ಅಂತಿದ್ದಾನೆ. ಮನೆಗೆ ತಂದು ಹಾಲು ಹಾಕೋಣ ಅಂತ ಮಗಳದು ಹಟ. ದೂರದಿಂದ ತೆಗೆದ ಫೋಟೋ ಹಾಕಿದ್ದೇನೆ. ಏನು ಮಾಡಲಿ?

ಹೇಮಾವತಿ ದಂಡೆ
ನಿಮ್ಮ ರೈಟರಿಗೆ ಒಂದು ಕಾಫಿ ಕೊಡಿಸಿ ಸಾರ್. ಇದು ಚಿರತೆ ಬೆಕ್ಕು. ಕೆಲವರು ಹುಲಿಬೆಕ್ಕು ಅಂತಲೂ ಅಂತಾರೆ. ಹಣೆಯಿಂದ ಕತ್ತಿನವರೆಗೆ ನಾಲ್ಕು ಕಪ್ಪು ಗೆರೆ ಕಾಣ್ತಿದೆ ನೋಡಿ. ಚಿರತೆ ಮರಿ ಹುಟ್ಟುವಾಗಲೇ ಸುಮಾರು ಅರ್ಧ ಕೆಜಿ ತೂಗುತ್ತೆ, ಪಾದ ದಪ್ಪ. ಇದು ಹುಟ್ಟುವಾಗ ನೂರು ಗ್ರಾಂ ಆಸುಪಾಸು, ಕಣ್ಣು ಬಿಡೋಕೆ ಹತ್ತು ದಿನ. ಅಷ್ಟು ದಿನ ಬದುಕಿವೆ ಅಂದರೆ ತಾಯಿ ನಿನ್ನೆ ರಾತ್ರಿಯೂ ಬಂದು ಹಾಲು ಕೊಟ್ಟಿರಬೇಕು, ಈಗಲೂ ಅಲ್ಲೇ ಕಾಫಿ ಗಿಡದ ಸಂದಿಯಲ್ಲಿ ಕೂತು ನಿಮ್ಮನ್ನೇ ನೋಡ್ತಿರಬಹುದು. ತೆಗೆದ ಸೌದೆ ವಾಪಸ್ ಇಡಿ, ಎಲ್ಲರೂ ದೂರ ಹೋಗಿ, ನಾಯಿ ಕಟ್ಟಿಹಾಕಿ. ಜನರ ಗಲಾಟೆ ನಿಂತ ಮೇಲೆ ಕತ್ತು ಕಚ್ಚಿಕೊಂಡು ಒಂದೊಂದಾಗಿ ಬೇರೆ ಕಡೆ ಸಾಗಿಸುತ್ತೆ. ಹಸುವಿನ ಹಾಲು ಮಾತ್ರ ಬೇಡ, ಬೇಧಿ ಆಗಿ ಸಾಯ್ತವೆ.

ಕಲ್ಲುಬಂಡೆ, ಅರಸೀಕೆರೆ
ನಮ್ಮ ಕಡೆಯಂಥ ಒಣ ಸೀಮೆಯ ಬಂಡೆ, ಕುರುಚಲು ಕಾಡಿಗೆ ಒಗ್ಗಿದ್ದು ಇನ್ನೊಂದು ಜಾತಿ, ತುಕ್ಕು ಬಣ್ಣದ ಚುಕ್ಕೆಯದು. ಪ್ರಪಂಚದಲ್ಲೇ ಅತಿ ಚಿಕ್ಕ ಬೆಕ್ಕುಗಳಲ್ಲಿ ಒಂದು, ಬೆಳೆದರೂ ಒಂದೂವರೆ ಕೆಜಿ ಅಷ್ಟೇ. ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಫೋಟೋದಲ್ಲಿರೋದು ಅದಲ್ಲ. ಚಿರತೆ ಬೆಕ್ಕಿಗೆ ಮಳೆ, ಹಳ್ಳ, ಮರ ಬೇಕು, ಚೆನ್ನಾಗಿ ಈಜುತ್ತೆ ಕೂಡ.

ನಾಟಿಕೋಳಿ
ಎಲ್ಲರಿಗೂ ಪ್ರೀತಿ ಉಕ್ಕಿ ಹರೀತಿದೆ. ಹೋದ ವರ್ಷ ನಮ್ಮ ಒಂಬತ್ತು ಕೋಳಿ ಹೋಯ್ತಲ್ಲ, ಅದರ ದುಡ್ಡು ಯಾರು ಕೊಡ್ತಾರೆ?

ಹೇಮಾವತಿ ದಂಡೆ
ಕೋಳಿ ಹಿಡಿಯಲ್ಲ ಅಂತ ನಾನು ಹೇಳಲ್ಲ. ಗೂಡು ಸಡಿಲ ಇದ್ದರೆ ಹಿಡಿದೇ ಹಿಡಿಯುತ್ತೆ. ಆದರೆ ಮುಂಗುಸಿ, ಪುನುಗು, ಊರ ನಾಯಿ ತಿಂದಿದ್ದನ್ನೂ ಇದರ ಲೆಕ್ಕಕ್ಕೇ ಬರೆಯೋದು ಯಾವ ನ್ಯಾಯ? ಇದರ ಮುಖ್ಯ ಊಟ ಇಲಿ. ಮೈಕಟ್ಟು ಮನೆ ಬೆಕ್ಕಿನಷ್ಟೇ, ಕಾಲು ಸ್ವಲ್ಪ ಉದ್ದ. ನಾನು ಒಮ್ಮೆ ರಾತ್ರಿ ಜೀಪಿನ ಲೈಟಿನಲ್ಲಿ ಸರಿಯಾಗಿ ನೋಡಿದ್ದೇನೆ. ಬಾಯಲ್ಲಿ ಇಲಿ ಇತ್ತು. ತಲೆ ತಿರುಗಿಸಿದಾಗ ಕಪ್ಪು ಕಿವಿಯ ಹಿಂದೆ ಬೆಳ್ಳಗೆ ಬೊಟ್ಟು ಇಟ್ಟ ಹಾಗೆ ಎರಡು ಮಚ್ಚೆ ಮಿಂಚಿ, ಮರುಕ್ಷಣ ಏಲಕ್ಕಿ ಗಿಡದೊಳಗೆ ಮಾಯ. ಇನ್ನೊಂದು, ಮಗಳಿಗೆ ಹೇಳಿ: 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ ಇದು, ಸಾಕಿದರೆ ಕೇಸು. ಸಾಕಿದರೂ ಪಳಗಲ್ಲ ಬಿಡಿ, ದೊಡ್ಡದಾದ ಮೇಲೆ ಪರದೆ, ಕೈ ಎರಡೂ ಹರೀತದೆ. ನಾಳೆಯೂ ಮರಿಗಳು ಅಲ್ಲೇ ಇದ್ದರೆ 1926ಕ್ಕೆ ಫೋನ್ ಮಾಡಿ, ಅರಣ್ಯ ಇಲಾಖೆಯವರು ಬರ್ತಾರೆ.

ತೋಟದಮನೆ, ಮೂಡಿಗೆರೆ
ಸೌದೆ ಇದ್ದ ಹಾಗೇ ಇಟ್ಟು ಬಂದಿದ್ದೆ. ರಾತ್ರಿ ಒಂದು ಸಣ್ಣ ಮಳೆ. ಬೆಳಿಗ್ಗೆ ಹೋಗಿ ನೋಡಿದರೆ ಗೂಡು ಖಾಲಿ, ಪಕ್ಕದ ಕೆಸರಿನಲ್ಲಿ ಉಗುರಿನ ಗುರುತಿಲ್ಲದ ಪುಟ್ಟ ಹೆಜ್ಜೆ, ಹಳ್ಳದ ಕಡೆಗೆ. ಮಗಳು ಅದರ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದಿದ್ದಾಳೆ. ಆಳುಗಳು ಇನ್ನೂ ನಂಬಿಲ್ಲ, ಆ ಮೂಲೆಗೆ ಇಬ್ಬರಿಬ್ಬರೇ ಹೋಗ್ತಿದ್ದಾರೆ. ಕೋಳಿ ಗೂಡಿಗೆ ಜಾಲರಿ ಹೊಸದು ಹಾಕಿಸಿದೆ, ನಾಟಿಕೋಳಿ ಅವರೇ, ನೀವೂ ಹಾಕಿಸಿ.