ಅಪ್‌ಡೇಟ್: ಹಳ್ಳಿಯ ಚಿಕ್ಕ ಕಾಲೇಜನ್ನೇ ಆರಿಸಿಕೊಂಡೆ

ವಿದ್ಯಾರ್ಥಿವೇತನ ಕೊಡುವ ಹಳ್ಳಿಗಾಡಿನ ಚಿಕ್ಕ ಕಾಲೇಜೋ, ಪೂರ್ತಿ ಶುಲ್ಕ ಕಟ್ಟಬೇಕಾದ ನಗರದ ದೊಡ್ಡ ಕಾಲೇಜೋ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಮನಸಾರೆ ಕೃತಜ್ಞತೆಗಳು.

"ಮೊದಲು ವಿದ್ಯಾರ್ಥಿವೇತನದ ಮಂಜೂರಾತಿ ಪತ್ರವನ್ನು ಸರಿಯಾಗಿ ಓದು" ಎಂಬ ನಿಮ್ಮ ಮಾತೇ ನನ್ನನ್ನು ಕಾಪಾಡಿತು. ಅದರಲ್ಲಿ ದಪ್ಪಕ್ಷರದಲ್ಲಿದ್ದ ಮೊತ್ತ ಬೋಧನಾ ಶುಲ್ಕಕ್ಕೆ ಮಾತ್ರ. ಹಾಸ್ಟೆಲ್, ಊಟ, ಪುಸ್ತಕ ನಮ್ಮ ಪಾಲಿಗೆ. ಆ ವಿದ್ಯಾರ್ಥಿವೇತನವೂ ಪ್ರತಿ ವರ್ಷ ನವೀಕರಣವಾಗಬೇಕು, ನಿಗದಿತ ಸರಾಸರಿ ಅಂಕ ಉಳಿಸಿಕೊಳ್ಳಬೇಕು. ಒಂದು ಸೆಮಿಸ್ಟರ್‌ನಲ್ಲಿ ಎಡವಿದರೆ? ಕಚೇರಿಗೆ ಫೋನ್ ಮಾಡಿದೆ. ತಕ್ಷಣ ರದ್ದಾಗದು, ಸುಧಾರಿಸಿಕೊಳ್ಳಲು ಮುಂದಿನ ಸೆಮಿಸ್ಟರ್‌ವರೆಗೆ ಅವಕಾಶವಿದೆ ಎಂದರು. ಲಿಖಿತವಾಗಿ ಬೇಕೆಂದೆ, ಕೊಟ್ಟರು. ಹೊರಗಿನ ವಿದ್ಯಾರ್ಥಿವೇತನ ಸಿಕ್ಕರೆ ಕಾಲೇಜು ತನ್ನ ನೆರವನ್ನು ಕಡಿತಗೊಳಿಸುತ್ತದೆಯೇ ಎಂಬುದನ್ನೂ ತಪ್ಪದೆ ಕೇಳಿ. ಕೆಲವು ಕಡೆ ಹಾಗೆ ಮಾಡುತ್ತಾರೆ.

ವಾರಾಂತ್ಯದಲ್ಲೇ ಆ ಹಳ್ಳಿಯ ಕಾಲೇಜಿಗೆ ಹೋಗಿ ಒಂದು ರಾತ್ರಿ ಉಳಿದೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಅರ್ಧ ಹಾಸ್ಟೆಲ್ ಖಾಲಿ. ಕೊನೆಯ ಬಸ್ ಸಂಜೆಗೇ ಹೊರಟುಹೋಗುತ್ತದೆ. ಆ ನಿಶ್ಶಬ್ದ ನನ್ನನ್ನು ಹೆದರಿಸಿದ್ದು ನಿಜ. ಆದರೆ ಗ್ರಂಥಾಲಯದಲ್ಲಿ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿನಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಅವಳದೇ ಪೆನ್ಸಿಲ್ ತೆಗೆದುಕೊಂಡು, ಒಂದೇ ಲೆಕ್ಕವನ್ನು ಮೂರು ಬಗೆಯಲ್ಲಿ ಬಿಡಿಸಿ ತೋರಿಸುತ್ತಿದ್ದರು. ಅವಳ ಹೆಸರು ಅವರಿಗೆ ಗೊತ್ತಿತ್ತು. ನನಗೆ ಬೇಕಾಗಿದ್ದುದು ಇದೇ.

ನಾಟಕದ ತಂಡ ಅಲ್ಲಿಲ್ಲ. ಹತ್ತು ಜನ ಸಹಿ ಹಾಕಿದರೆ ಹೊಸ ಸಂಘ ಕಟ್ಟಬಹುದಂತೆ. ಇಬ್ಬರು ಆಗಲೇ ಒಪ್ಪಿದ್ದಾರೆ. ನಿನ್ನೆ ಪ್ರವೇಶ ಶುಲ್ಕ ಕಟ್ಟಿದೆ.